ಮ್ದಿನಾಕ್ಕ ಅರ್ಧ ತಾಸು ಸಾಲೂದಿಲ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ಭಾನುವಾರ ನಿಮ್ಮ ಪುರವಣಿಯೊಳಗ ಮಾಲ್ಟಾ ದ್ವೀಪದ ಬಗ್ಗೆ ಬಂದಿದ್ದ ಲೇಖನ ಓದಿದೆ, ಈಗಿನ ರಾಜಧಾನಿ ವಲೆಟ್ಟಾಕ್ಕ ಮುಕ್ಕಾಲು ಪುಟ ಕೊಟ್ಟು ಹಳೇ ರಾಜಧಾನಿ ಮ್ದಿನಾಕ್ಕ ಎರಡ ಸಾಲು, ಅದೂ ಅರ್ಧ ತಾಸು ಸಾಕು ಅಂತ ಬರದೀರಿ, ಓದಿ ಸುಮ್ಮ ಕೂಡ್ಲಿಕ್ಕೆ ಆಗಲಿಲ್ಲ. ನನ್ನ ಮಗಳು ಅಲ್ಲಿ ನರ್ಸ್ ಅದಾಳ, ಹೋದ ವರ್ಷ ಅಕಿ ಕಡೆ ಇಪ್ಪತ್ತು ದಿನ ಇದ್ದು ಬಂದೀನಿ, ಎರಡೂ ಊರು ಮೂರ್ನಾಕು ಸಲ ಅಡ್ಡಾಡೀನಿ.

ವಲೆಟ್ಟಾ ನೋಡೂವಂಥಾ ಊರು ಖರೇನ. 1565ರಾಗ ತುರ್ಕರು ಮುತ್ತಿಗಿ ಹಾಕಿ ಸೋತು ಹೊಳ್ಳಿ ಹ್ವಾದ ಮ್ಯಾಲೆ, ಮರುವರ್ಷ ಮಾರ್ಚ್‌ನಾಗ ಆಗ ಮಾಲ್ಟಾ ಆಳತಿದ್ದ ನೈಟ್‌ಗಳ, ಅಂದ್ರ ಕ್ರೈಸ್ತ ಯೋಧರ ಪಂಗಡದ, ಮುಖ್ಯಸ್ಥ ದ ವಲೆಟ್ ಅಡಿಗಲ್ಲು ಇಟ್ಟ ಊರದು. 1565 ಅಂದ್ರ ನಮ್ಮ ತಾಳಿಕೋಟಿ ಯುದ್ಧದ ವರ್ಷ ನೋಡ್ರಿ, ಆ ಯುದ್ಧ ಗೆದ್ದ ಸುಲ್ತಾನರೊಳಗ ಒಬ್ಬ ಅಲಿ ಆದಿಲ್‌ಶಾಹನ ನಮ್ಮೂರು ವಿಜಯಪುರದ ಕ್ವಾಟಿ ಗ್ವಾಡಿ ಕಟ್ಟಿಸಿದ್ದು, ಹಂಗಾಗಿ ವಲೆಟ್ಟಾದ ಗ್ವಾಡಿ ನಮ್ಮ ಗ್ವಾಡಿ ಎರಡೂ ವಾರಿಗಿಯವು. ಅಲ್ಲಿ ಓಣಿ ಎಲ್ಲಾ ಪಟ್ಟಿ ಇಟ್ಟು ಗೆರಿ ಎಳದಂಗ ನೆಟ್ಟಗ, ಯಾವ ಓಣಿ ತುದಿಗೆ ನಿಂತರೂ ಸಮುದ್ರ ಕಾಣತದ. ಸೇಂಟ್ ಜಾನ್ ಚರ್ಚ್ ಹೊರಗಿಂದ ಸಾದಾ, ಒಳಗ ಬರೇ ಬಂಗಾರ, ನೆಲದ ತುಂಬ ಸುಮಾರು 400 ನೈಟ್‌ಗಳ ಅಮೃತಶಿಲೆ ಸಮಾಧಿ, ಅವು ಸವೀಬಾರದು ಅಂತ ಚೂಪು ಹೀಲ್ಸ್ ಹಾಕ್ಕೊಂಡವರನ್ನ ಒಳಗ ಬಿಡೂದಿಲ್ಲ. ಇಟಲಿಯ ಚಿತ್ರಕಾರ ಕಾರವಾಜಿಯೋ 1608ರಾಗ ಬರದ ದೊಡ್ಡ ಚಿತ್ರನೂ ಅಲ್ಲೇ ಅದ. ಆದ್ರ ಬಂದರಕ್ಕ ದೊಡ್ಡ ಹಡಗು ಬಂದು ನಿಂತ ದಿನ ಹೆಜ್ಜಿ ಇಡ್ಲಿಕ್ಕೆ ಜಾಗ ಸಿಗೂದಿಲ್ಲ.

ಮ್ದಿನಾ ಬ್ಯಾರೇನ. ನಡು ದ್ವೀಪದ ಗುಡ್ಡದ ಮ್ಯಾಲೆ ಕುಂತದ, ನೈಟ್‌ಗಳು ಬರೂಕಿಂತ ಮೊದಲ ಇದೇ ರಾಜಧಾನಿ, ಹೆಸರೂ ಅರಬ್ಬಿಯ ಮದೀನಾ ಅನ್ನೂದರಿಂದ ಬಂದದ್ದು, ಅಂದ್ರ ಪಟ್ಟಣ. ಈಗ ಒಳಗ 300 ಮಂದಿನೂ ಇಲ್ಲ, ಹೊರಗಿನವರ ಕಾರು ಬಿಡೂದಿಲ್ಲ. ಓಣಿ ಸೊಟ್ಟ ಸೊಟ್ಟ, ಮುಂದ ಯಾರು ಬರ್ತಾರ ಕಾಣೂದಿಲ್ಲ, ಹೆಜ್ಜಿ ಸಪ್ಪಳ ಮಾತ್ರ ಕೇಳತದ. 1693ರ ಭೂಕಂಪದ ಮ್ಯಾಲೆ ಕಟ್ಟಿದ ಚರ್ಚ್‌ಗೆ ಎರಡು ಗಡಿಯಾರ, ಒಂದು ಟೈಮ್ ತೋರಸ್ತದ, ಇನ್ನೊಂದು ತಾರೀಖು. ಒಂದು ಸಂಜಿ ಬಸ್ಸಿನ ಗುಂಪೆಲ್ಲಾ ಖಾಲಿ ಆದ ಮ್ಯಾಲೆ ನಾನೂ ಮಗಳೂ ನಡಕೋತ ಹೊಂಟಿದ್ವಿ, ಒಬ್ಬಾಕಿ ಅಜ್ಜಿ ಬಾಗಲದಾಗ ನಿಂತು ಬಾಗಲಾ ಬಡಿಯೂ ಹಿತ್ತಾಳಿ ಮೀನನ್ನ ಅರಬಿಲೆ ತಿಕ್ಕಾಕತ್ತಿದ್ಲು, ನಮ್ಮವ್ವ ದೀಪಾವಳಿ ಹಿಂದಿನ ದಿನ ಸಮೆ ತಿಕ್ಕಿದಂಗ, ನಮ್ಮನ್ನ ನೋಡಿ ಬೊನ್ಸ್ವಾ ಅಂದು ಮತ್ತ ತಿಕ್ಕಲಿಕ್ಕೆ ಹತ್ತಿದಳು. ಹಳದಿ ಕಲ್ಲಿನ ಗ್ವಾಡಿ ಆ ಹೊತ್ತಿಗೆ ಜೇನುತುಪ್ಪದ ಬಣ್ಣಕ್ಕ ತಿರಗಿತ್ತು. ಆವತ್ತ ಮಧ್ಯಾಹ್ನನ ನಮ್ಮ ಕಡೆಯವರದೊಂದು ಟೂರ್ ಗುಂಪು ಅಗಸಿ ಹತ್ರ ಸಿಕ್ಕಿತ್ತು, ಕಂಪನಿಯವರು 40 ಮಿನಿಟು ಕೊಟ್ಟಿದ್ರಂತ, ಫೋಟೋ ಹೊಡಕೊಂಡು ಓಡೋಡಿ ಬಸ್ ಹತ್ತಿದ್ರು ಪಾಪ, ಅಷ್ಟ್ ದೂರದಿಂದ ರೊಕ್ಕಾ ಹಾಕಿ ಬಂದವರಿಗೆ ಇದು ಅನ್ಯಾಯ ಅಲ್ಲೇನ್ರಿ?

ಇನ್ನೊಂದು ಮಾತು. ಮ್ದಿನಾದ ಕಂದಕದಾಗ ಈಗ ತ್ವಾಟ ಅದ, ಮಂದಿ ವಾಕಿಂಗ್ ಮಾಡ್ತಾರ. ಅಲ್ಲಿ ಕುಂತಾಗ ನಮ್ಮ ಮನಿ ಹಿಂದಿನ ಕಂದಕ ನೆನಪಾತು, ಬರೇ ಜಾಲಿಕಂಟಿ, ಪ್ಲಾಸ್ಟಿಕ್ಕು. ಸುಮಾರು 10 ಕಿಲೋಮೀಟರ್ ಉದ್ದದ ಗ್ವಾಡಿ ನಮ್ಮದು, ಅವರದಕ್ಕಿಂತ ಎಷ್ಟೋ ದೊಡ್ಡದು, ಹೊಟ್ಟಿ ಉರೀತದ. ಅದರ ಬಗ್ಗೆನೂ ಒಂದು ಪುಟ ಬರೀರಿ.

ಸದ್ಯಕ್ಕ ಮುಂದಿನ ಪುರವಣಿಯೊಳಗ ಇಷ್ಟು ತಿದ್ದಿ ಹಾಕ್ರಿ. ಮುಂಜಾನೆ ಲಗೂನ ವಲೆಟ್ಟಾ ನೋಡಿ, ಅಪ್ಪರ್ ಬರಾಕ್ಕಾ ತ್ವಾಟದಾಗ ನಿಂತು 12ರ ತೋಪು ಕೇಳಿ, ಸಿಟಿ ಗೇಟ್ ಹೊರಗ ಬಸ್ ಹಿಡದು ಮ್ದಿನಾ ಮಗ್ಗಲದ ಊರು ರಬಾತ್‌ನಾಗ ಇಳೀರಿ, ಬಟಾಣಿ ತುಂಬಿದ ಪಾಸ್ತಿಝಿ ಅನ್ನೂ ಪಫ್‌ನಂಥಾ ತಿನಿಸು ಬಿಸಿಬಿಸಿ ತಿಂದು ಅಗಸಿ ದಾಟಿ ಮ್ದಿನಾದೊಳಗ ಹೋಗ್ರಿ, ದೀಪಾ ಹಚ್ಚೂ ತನಕ ಹೊರಗ ಬರಬ್ಯಾಡ್ರಿ.

ಇಂತಿ,
ನಿವೃತ್ತ ಶಿಕ್ಷಕ, ವಿಜಯಪುರ