ನಿನ್ನ ಜೋಕು ನಿಂದಲ್ಲ ಕಣೋ

ಲೋ ಗಿರಿ,

ಮೊನ್ನೆ ಫೋನಲ್ಲಿ ಅಷ್ಟು ರೇಗಾಡಿದ್ಯಲ್ಲ, ಆ ಕಂಪನಿಗೆ ಕೊಟ್ಟ ಅಜ್ಜಿ ಕುಕ್ಕರ್ ಸ್ಕಿಟ್ಟು ನಾನೇ ಬರ್ದಿದ್ದು, ನಾನೇ ಇನ್ನೊಂದ್ ಕಡೆ ಹಾಕಿದ್ರೆ ಅದು ಹೆಂಗೋ ಕಳ್ಳತನ ಆಗುತ್ತೆ ಅಂತ, ಅವತ್ತು ನಂಗೆ ಉತ್ತರಾನೇ ಹೊಳೀಲಿಲ್ಲ, ಬಾಗಿಲಲ್ಲಿ ಯಾರೋ ಬಂದ್ರು ಅಂತ ಸುಳ್ಳು ಹೇಳಿ ಫೋನ್ ಇಟ್ಬಿಟ್ಟೆ. ಆಮೇಲೆ ತಲೇಲಿ ಕೂತಿದ್ದು ಒಂದೇ ಹೆಸರು, ಕ್ಲೈಡ್ ಬ್ರಕ್‌ಮನ್. ನೀನು ಕೇಳಿರಲ್ಲ ಬಿಡು. ಬಸ್ಟರ್ ಕೀಟನ್ ಗೊತ್ತಲ್ಲ, ಹಳೇ ಮೂಕಿ ಸಿನಿಮಾದೋನು, ಮುಖದಲ್ಲಿ ನಗು ಅನ್ನೋದೇ ಇಲ್ದೆ ಊರನ್ನೆಲ್ಲ ನಗಿಸ್ತಿದ್ದೋನು, ಅವನಿಗೆ ಜೋಕ್ ಹೆಣೆದು ಕೊಡ್ತಿದ್ದೋರಲ್ಲಿ ಒಬ್ಬ.

1894ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಹುಟ್ಟಿದ್ದು. ಮೊದ್ಲು ಪೇಪರಲ್ಲಿ ಸ್ಪೋರ್ಟ್ಸ್ ಬರೀತಿದ್ದ, ಆಮೇಲೆ ಮೂಕಿ ಸಿನಿಮಾ ಮಧ್ಯೆ ತೋರಿಸೋ ಟೈಟಲ್ ಕಾರ್ಡ್ ಬರೆಯೋಕೆ ಬಂದ, 1920ರ ದಶಕದ ಶುರುವಲ್ಲಿ ಕೀಟನ್ ಗುಂಪಿಗೆ ಸೇರ್ಕೊಂಡ. ಕೆಲಸದ ಹೆಸರು ಗ್ಯಾಗ್ ಮ್ಯಾನ್, ಅಂದ್ರೆ ಸಿನಿಮಾಗೆ ಜೋಕ್ ಹೊಳೆಸಿ ಕೊಡೋನು. ರೈಟರ್ ಅಂತ ಕರೆದ್ರೂ ಸ್ಕ್ರಿಪ್ಟ್ ಅಂತ ಕಾಗದದ ಮೇಲೆ ಏನೂ ಇರ್ತಿರ್ಲಿಲ್ಲ. ಕಥೆ ಎಲ್ಲಿ ಶುರು ಎಲ್ಲಿ ಮುಗಿಯುತ್ತೆ ಅಷ್ಟು ಗೊತ್ತಾದ್ರೆ ಸಾಕು, ನಡುವಿನದು ತಾನಾಗೇ ಬರುತ್ತೆ ಅನ್ನೋದು ಕೀಟನ್ ಲೆಕ್ಕ. ಐಡಿಯಾ ಬರ್ಲಿಲ್ವಾ, ಎಲ್ರೂ ಎದ್ದು ಬೇಸ್‌ಬಾಲ್ ಆಡೋಕೆ ಹೋಗೋರು, ಆಟದ ಮಧ್ಯೆ ಯಾರಿಗಾದ್ರೂ ಏನಾದ್ರೂ ಹೊಳೆದ್ರೆ ಆಟ ಅಲ್ಲಿಗೇ ಬಿಟ್ಟು ವಾಪಸ್ ಕೆಲಸಕ್ಕೆ. (ಇದನ್ನ ನಿನ್ನ ಈಗಿನ ಮ್ಯಾನೇಜರ್‌ಗೆ ಓದಿ ಹೇಳು.)

ಹಂಗಿದ್ಮೇಲೆ ಯಾವ ಜೋಕು ಯಾರದ್ದು? ಕೀಟನ್‌ದೇ ಸಿನಿಮಾ, 1925ರ ಸೆವೆನ್ ಚಾನ್ಸಸ್ ತಗೋ. ಕಥೆ ಯಾರದೋ ನಾಟಕದ್ದು, ಸಂಜೆ ಏಳರೊಳಗೆ ಮದುವೆ ಆದ್ರೆ ಎಪ್ಪತ್ತು ಲಕ್ಷ ಡಾಲರ್ ಆಸ್ತಿ, ವಿಷಯ ಹಬ್ಬಿ ನೂರಾರು ಹೆಂಗಸ್ರು ಮದುಮಗಳ ಡ್ರೆಸ್ಸಲ್ಲಿ ಅಟ್ಟಿಸ್ಕೊಂಡು ಬರ್ತಾರೆ. ಪ್ರಿವ್ಯೂ ಹಾಕಿದಾಗ ಕ್ಲೈಮ್ಯಾಕ್ಸ್ ಸಪ್ಪೆ. ಆದ್ರೆ ಕೀಟನ್ ಗುಡ್ಡ ಇಳಿದು ಓಡೋವಾಗ ಅಕಸ್ಮಾತ್ತಾಗಿ ಕಾಲಿಗೆ ತಗುಲಿದ ಮೂರು ಕಲ್ಲು ಅವನ ಹಿಂದೇನೇ ಉರುಳ್ಕೊಂಡು ಬಂದ್ವು, ಅಲ್ಲಿ ಜನ ನಕ್ರು. ವಾಪಸ್ ಹೋಗಿ ಚಿಕ್ಕದು ದೊಡ್ಡದು ಅಂತ ರಾಶಿಗಟ್ಟಲೆ ಡೂಪ್ಲಿಕೇಟ್ ಬಂಡೆ ಮಾಡಿಸಿ ಉರುಳಿಸಿದ್ರು, ಇವತ್ತಿಗೂ ಜನ ನೆನೆಸ್ಕೊಳ್ಳೋದು ಅದನ್ನೇ. ಈಗ ಹೇಳು, ಅದನ್ನ ಬರ್ದಿದ್ದು ಯಾರು? ನನ್ನ ಕೇಳಿದ್ರೆ ಗುಡ್ಡ.

ಅಮೆರಿಕದ ಸಿವಿಲ್ ವಾರ್ ಕಾಲದಲ್ಲಿ ರೈಲ್ ಇಂಜಿನ್ ಕದ್ದ ನಿಜವಾದ ಕಥೆಯ ಪುಸ್ತಕ ತಂದು ಕೀಟನ್ ಕೈಗೆ ಕೊಟ್ಟಿದ್ದೂ ಈ ಬ್ರಕ್‌ಮನ್ನೇ. ಅದೇ ದಿ ಜನರಲ್, 1926. ಡೈರೆಕ್ಟರ್ ಅಂತ ಇಬ್ಬರ ಹೆಸ್ರೂ ಇದೆ. ಆರೆಗನ್‌ನಲ್ಲಿ ನಿಜವಾದ ರೈಲನ್ನೇ ಸುಡ್ತಿರೋ ಸೇತುವೆ ಮೇಲಿಂದ ಹೊಳೆಗೆ ಬೀಳಿಸಿದ್ರು ಮಾರಾಯ. ಈಗ ಅದು ಕ್ಲಾಸಿಕ್, ಆಗ ದುಡ್ಡು ಬರ್ಲಿಲ್ಲ.

ಆಮೇಲೆ ಲಾರೆಲ್ ಹಾರ್ಡಿ ಜೊತೆ, ಊರೆಲ್ಲ ಕ್ರೀಮ್ ಪೈ ಎಸೆದಾಡೋ ಆ ಫೇಮಸ್ ಜಗಳ ಡೈರೆಕ್ಟ್ ಮಾಡಿದ್ದು ಇವ್ನೇ. ಟಾಕಿ ಬಂದ್ಮೇಲೆ ಹೆರಾಲ್ಡ್ ಲಾಯ್ಡ್ ಜೊತೆ, ಡಬ್ಲ್ಯೂ.ಸಿ. ಫೀಲ್ಡ್ಸ್ ಜೊತೆ. ಕಾಮಿಡಿ ಅಂದ್ರೆ ಯಾರ್ಯಾರ ಹೆಸರು ಹೇಳ್ತೀವೋ ಚಾಪ್ಲಿನ್ ಒಬ್ಬನ್ನ ಬಿಟ್ಟು ಹೆಚ್ಚುಕಮ್ಮಿ ಎಲ್ಲರ ಜೊತೆಗೂ ಇದ್ದ. ಕುಡಿತಾನೂ ಜೊತೆಗೇ ಇತ್ತು. 1935ರ ನಂತರ ಡೈರೆಕ್ಷನ್ ನಿಂತೋಯ್ತು.

ಉಳಿದಿದ್ದು ಕೊಲಂಬಿಯಾ ಸ್ಟುಡಿಯೋದಲ್ಲಿ ಎರಡು ರೀಲಿನ ಚಿಕ್ಕ ಕಾಮಿಡಿಗಳು, ತ್ರೀ ಸ್ಟೂಜಸ್ ಅನ್ನೋ ಮೂವರು ಕಾಮಿಡಿಯನ್‌ಗಳದ್ದು ಥರ. ಬೇಗ ಬರಿ, ಚೀಪಾಗಿ ಮುಗ್ಸು. ಅವನು ಹಳೇ ಡಬ್ಬಕ್ಕೆ ಕೈ ಹಾಕ್ದ. ಲಾಯ್ಡ್‌ನ ಮೂವೀ ಕ್ರೇಜಿ, 1932, ಡೈರೆಕ್ಟರ್ ಅಂತ ಹೆಸರಿರೋದು ಬ್ರಕ್‌ಮನ್‌ದೇ. ಅದರಲ್ಲಿ ಹೀರೋ ಗೊತ್ತಿಲ್ದೆ ಜಾದೂಗಾರನ ಕೋಟು ಹಾಕ್ಕೊಂಡು ಪಾರ್ಟೀಲಿ ಡ್ಯಾನ್ಸ್ ಮಾಡ್ತಾನೆ, ಜೇಬಿಂದ ಇಲಿ, ಮೊಲ, ಎಲ್ಲ ಒಂದೊಂದಾಗಿ ಹೊರಗೆ. ಅದನ್ನ 1942ರಲ್ಲಿ ಸ್ಟೂಜಸ್‌ಗೆ ಕೊಟ್ಟ, 1943ರಲ್ಲಿ ಯೂನಿವರ್ಸಲ್ ಸ್ಟುಡಿಯೋ‌ಗೆ ಬರೆದ ಸೋಸ್ ಯುವರ್ ಅಂಕಲ್ ಅನ್ನೋ ಸಿನಿಮಾಗೂ ಹಾಕಿದ. ಲಾಯ್ಡ್ ಕಂಪನಿ ಯೂನಿವರ್ಸಲ್ ಮೇಲೆ ಕೇಸ್ ಹಾಕ್ತು. 1947ರಲ್ಲಿ ಅಪೀಲಲ್ಲೂ ಲಾಯ್ಡ್ ಕಡೆಗೇ ಆಯ್ತು, 40,000 ಡಾಲರ್ ಪರಿಹಾರ, ಸಾಲಾಗಿ 57 ಸೀನ್ ಎತ್ತಿದಾರೆ ಅಂತ.

ಲಾಯ್ಡ್ ಕೋಪ ನಂಗೆ ಅರ್ಥ ಆಗುತ್ತೆ, ದುಡ್ಡು ಹಾಕಿದ್ದು ಅವನು, ಒದ್ದಾಡಿ ನಗಿಸಿದ್ದೂ ಅವನ ಮೈಯಿ. ಬ್ರಕ್‌ಮನ್‌ಗೆ ಸಿಕ್ಕಿದ್ದು ಸಂಬಳ, ಸಂಬಳ ತಗೊಂಡ ದಿನಾನೇ ಜೋಕು ಕಂಪನಿದಾಯ್ತು. ಕಾನೂನು ಸರಿ ಇರಬಹುದು, ಆದ್ರೂ ಅನ್ಯಾಯ ಅನ್ನಿಸುತ್ತೆ ಕಣೋ, ಬೇರೆ ಕಸುಬು ಗೊತ್ತಿಲ್ದೋನಿಗೆ ನಿನ್ನ ಕೈಚಳಕ ನೀನೇ ಬಳಸ್ಬೇಡ ಅಂದಂಗೆ. ತಮಾಷೆ ನೋಡು, ಅದೇ 1947ರಲ್ಲಿ ಸ್ಟೂಜಸ್‌ಗೆ ಬರೆದ ಇನ್ನೊಂದ್ರಲ್ಲೂ ಸೆವೆನ್ ಚಾನ್ಸಸ್ ಥರಾನೇ ಆಸ್ತಿಗೋಸ್ಕರ ಅರ್ಜೆಂಟಾಗಿ ಮದುವೆ ಆಗ್ಬೇಕಾದ ಗಂಡು ಬರ್ತಾನೆ!

ಕೀಟನ್ ಕೈ ಬಿಡ್ಲಿಲ್ಲ. 1950ರ ಸುಮಾರಿಗೆ ತಾನು ಟಿವಿಗೆ ಬಂದಾಗ ಬರೆಯೋಕೆ ಇವನನ್ನೂ ಸೇರಿಸ್ಕೊಂಡ. ಆದ್ರೆ ಅದೂ ಜಾಸ್ತಿ ದಿನ ನಡೀಲಿಲ್ಲ. 1955ರ ಜನವರಿಯಲ್ಲಿ, ಅರವತ್ತನೇ ವಯಸ್ಸಿಗೆ, ಬ್ರಕ್‌ಮನ್ ತನ್ನ ಜೀವ ತಾನೇ ತೆಕ್ಕೊಂಡ, ಕೀಟನ್ ಹತ್ರ ಇಸ್ಕೊಂಡಿದ್ದ ಪಿಸ್ತೂಲಿಂದ. ಇದನ್ನ ಬರೆಯೋದಾ ಬೇಡ್ವಾ ಅಂತ ಎರಡು ಸಲ ಅಳಿಸಿ ಬರ್ದೆ.

ನಿಂದು ಅಷ್ಟು ದೊಡ್ಡ ವಿಷಯ ಅಲ್ಲ ಬಿಡು. ಆ ಕಂಪನಿ ಜೊತೆ ಸೈನ್ ಮಾಡಿದ ಅಗ್ರಿಮೆಂಟ್ ಕಾಪಿ ಹುಡುಕಿಡು, ಭಾನುವಾರ ಬರ್ತೀನಿ, ಕೂತು ಓದೋಣ, ಆಮೇಲೆ ಸೆವೆನ್ ಚಾನ್ಸಸ್ ನೋಡೋಣ. ಮತ್ತೆ ಇನ್ನೊಂದು, ಬೇಜಾರ್ ಮಾಡ್ಕೋಬೇಡ. ಆ ಕುಕ್ಕರ್ ವಿಷಲ್‌ಗೆ ಉತ್ತರ ಕೊಡೋ ಅಜ್ಜಿ ನಮ್ಮಜ್ಜಿ ಕಣೋ, ಹಾಸ್ಟೆಲಲ್ಲಿ ನಾನೇ ನಿಂಗೆ ಹೇಳಿದ್ದು.

ನಿನ್ನ
ಸೀನ