ಭಕ್ತಿಯ ವೇಷದಲ್ಲಿ ಬರುವ ಶೋಧನೆ: ಯುವ ಬರಹಗಾರನಿಗೆ ಒಂದು ಪತ್ರ

ಪ್ರಿಯ ತಮ್ಮ,

ಕ್ರಿಸ್ತಪ್ರಭುವಿನಲ್ಲಿ ಶುಭಾಶಯಗಳು. ಸಾಗರದಿಂದ ನೀನು ಕಳುಹಿಸಿದ ಬರಹವೂ ಅದರೊಂದಿಗಿದ್ದ ಪತ್ರವೂ ತಲುಪಿದವು. ಭಾಷೆಯ ಹಿಡಿತ ನಿನಗೆ ಬಂದಾಗಿದೆ. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿ.ಎಡ್. ಪರೀಕ್ಷೆಗೆ ಓದಲು ಕುಳಿತಾಗಲೆಲ್ಲ ಶುಭಸಂದೇಶದ ಕುರಿತು ಹೊಸ ಹೊಳಹುಗಳು ಬರುತ್ತವೆ, ಪುಸ್ತಕ ಮುಚ್ಚಿಟ್ಟು ಬರೆಯತೊಡಗುತ್ತೇನೆ, ಪವಿತ್ರಾತ್ಮರ ಪ್ರೇರಣೆಯನ್ನು ತಡೆಯುವುದು ತಪ್ಪಲ್ಲವೇ ಎಂದು ಕೇಳಿದ್ದೀಯಲ್ಲ, ಉತ್ತರಿಸಬೇಕಾದದ್ದು ಅದಕ್ಕೆ.

ಯೇಸುಸಭೆಯನ್ನು ಕಟ್ಟಿದ ಲೊಯೋಲದ ಸಂತ ಇಗ್ನೇಷಿಯಸರಿಗೂ ಹೀಗೆಯೇ ಆಗಿತ್ತು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು, ಹಾಸಿಗೆ ಹಿಡಿದಿದ್ದಾಗ ಮನಸ್ಸು ದೇವರ ಕಡೆಗೆ ತಿರುಗಿ, ಮುಂದೆ ಮೂವತ್ತು ದಾಟಿದ ವಯಸ್ಸಿನಲ್ಲಿ ಅವರು ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯತೊಡಗಿದರು. ವ್ಯಾಕರಣವನ್ನು ಬಾಯಿಪಾಠ ಮಾಡಲು ಕುಳಿತೊಡನೆ ಆಧ್ಯಾತ್ಮಿಕ ಸತ್ಯಗಳ ಹೊಸ ತಿಳಿವು, ಹೊಸ ಸವಿ ಉಕ್ಕಿ ಬರುತ್ತಿತ್ತು. ಪಾಠ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಪೂಜೆಯ ಹೊತ್ತಿನಲ್ಲಾಗಲಿ ಪ್ರಾರ್ಥನೆಯ ಹೊತ್ತಿನಲ್ಲಾಗಲಿ ಬಾರದ ಈ ಸವಿ ಓದುವ ಹೊತ್ತಿನಲ್ಲಿಯೇ ಏಕೆ ಬರುತ್ತಿದೆ ಎಂದು ಯೋಚಿಸಿದಾಗ, ಇದು ಶೋಧನೆ, ಅಂದರೆ ದಾರಿ ತಪ್ಪಿಸಲು ಸೈತಾನನು ಒಡ್ಡಿದ ಆಮಿಷ, ಎಂದು ಅವರಿಗೆ ಗೊತ್ತಾಯಿತು. ಅವರು ಸುಮ್ಮನಿರಲಿಲ್ಲ. ತಮ್ಮ ಅಧ್ಯಾಪಕರ ಬಳಿಗೆ ಹೋಗಿ ನಡೆದುದನ್ನೆಲ್ಲ ಹೇಳಿ, ಊರಿನಲ್ಲಿ ರೊಟ್ಟಿ ನೀರು ಸಿಗುತ್ತಿರುವವರೆಗೂ ಎರಡು ವರ್ಷ ತಮ್ಮ ಪಾಠಕ್ಕೆ ತಪ್ಪುವುದಿಲ್ಲವೆಂದು ಮಾತು ಕೊಟ್ಟರು. ಆಮೇಲೆ ಆ ಕಾಟ ನಿಂತಿತು.

ನಿನ್ನ ಹೊಳಹುಗಳೆಲ್ಲ ಸೈತಾನನವು ಎಂದು ನಾನು ಹೇಳುತ್ತಿಲ್ಲ. ಹಾಗೆ ದೂರದಿಂದ ತೀರ್ಪು ಕೊಡುವವರನ್ನು ನಾನೂ ನಂಬುವುದಿಲ್ಲ. ಜಪಸರ ಹಿಡಿದಾಗ, ಭಾನುವಾರ ಪೂಜೆಯಲ್ಲಿ ಕುಳಿತಾಗ ಅವು ಬರುತ್ತವೆಯೇ, ಅಥವಾ ಮಾಡಲೇಬೇಕಾದ ಬೇಸರದ ಕೆಲಸವೊಂದು ಎದುರಿಗಿರುವಾಗ ಮಾತ್ರ ಬರುತ್ತವೆಯೇ ಎಂಬುದನ್ನು ಕೆಲವು ವಾರ ಗಮನಿಸು. ಅಲ್ಲಿಯವರೆಗೆ ಓದಿನ ನಡುವೆ ಬಂದದ್ದನ್ನು ಒಂದು ಸಾಲಿನಲ್ಲಿ ಗುರುತು ಹಾಕಿಕೊಂಡು ಪಾಠಕ್ಕೆ ಮರಳು. ಪೂಜೆ ಮುಗಿಸಿ ಬಂದ ಮೇಲೂ ಬರೆಯಬೇಕೆನಿಸಿದರೆ ಬರೆ.

ಕುಡಿತ, ಕಳ್ಳತನ, ವ್ಯಭಿಚಾರ ಎದುರಿಗೆ ಬಂದರೆ ಅದು ಶೋಧನೆಯೆಂದು ನಿನ್ನಂಥವನಿಗೆ ಗುರುತು ಸಿಗುತ್ತದೆ; ಭಕ್ತಿಯ ವೇಷದಲ್ಲಿ ಬಂದರೆ ಸಿಗುವುದು ಕಷ್ಟ. ಸೈತಾನನೂ ಬೆಳಕಿನ ದೂತನ ವೇಷ ಹಾಕಿಕೊಳ್ಳುತ್ತಾನೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಭಕ್ತರ ಪಾಲಿನ ಎಚ್ಚರಿಕೆ. ದೇವಾಲಯದ ಶಿಖರದ ಮೇಲೆ ಯೇಸುಸ್ವಾಮಿಯನ್ನು ಶೋಧಿಸಿದ ಸೈತಾನನ ಬಾಯಲ್ಲಿದ್ದದ್ದು ಬೈಬಲಿನ 91ನೇ ಕೀರ್ತನೆಯ ವಚನವೇ. ಆದ್ದರಿಂದ ಯೋಚನೆಯೊಂದು ಪವಿತ್ರಗ್ರಂಥದ ಮಾತಿನಲ್ಲಿ ಬಂತೆಂದ ಮಾತ್ರಕ್ಕೆ ಅದನ್ನು ಒಳಗೆ ಬಿಟ್ಟುಕೊಳ್ಳಬಾರದು. ಅದು ಹೇಗೆ ಶುರುವಾಯಿತು, ನಡುವೆ ಎತ್ತ ತಿರುಗಿತು, ಎಲ್ಲಿಗೆ ಕರೆದೊಯ್ದು ಬಿಟ್ಟಿತು ಎಂಬುದನ್ನು ನೋಡಬೇಕೆಂದು ಇಗ್ನೇಷಿಯಸರು ಹೇಳುತ್ತಾರೆ. ಕೊನೆಯಲ್ಲಿ ಮೊದಲಿದ್ದ ಶಾಂತಿ ಕಳೆದುಹೋಗಿ ಮನಸ್ಸು ಕದಡಿದ್ದರೆ, ಆರಂಭ ಎಷ್ಟೇ ಚೆನ್ನಾಗಿದ್ದರೂ ಅನುಮಾನಿಸಬೇಕು.

ಬರೆಯುವವರನ್ನು ಹೆಚ್ಚಾಗಿ ಹಿಡಿಯುವುದು ಹೊಗಳಿಕೆಯ ಆಸೆ. ಕಾನ್‌ಸ್ಟಾಂಟಿನೋಪಲಿನ ಹೆಸರು ಪದವಿಗಳನ್ನು ಬಿಟ್ಟು ಈಜಿಪ್ಟಿನ ಮರುಭೂಮಿ ಸೇರಿ 399ರಲ್ಲಿ ಅಲ್ಲಿಯೇ ತೀರಿಕೊಂಡ ಸನ್ಯಾಸಿ ಇವಾಗ್ರಿಯಸ್ ಇದನ್ನು ಬಲ್ಲವರಾಗಿದ್ದರು. ಈ ಆಸೆಯನ್ನು ಕೊಲ್ಲಲು ಏನು ಮಾಡಿದರೂ ಅದೇ ಇನ್ನೊಂದು ಜಂಬಕ್ಕೆ ಕಾರಣವಾಗುತ್ತದೆ ಎಂಬುದು ಅವರು ಕಂಡುಕೊಂಡ ಮಾತು. ಅವರ ದಾರಿಯಲ್ಲಿ ನಡೆದ ಜಾನ್ ಕ್ಯಾಸಿಯನ್ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಹಿರಿಯ ಸನ್ಯಾಸಿಯೊಬ್ಬರು ಕಿರಿಯನ ಕುಟೀರದ ಬಾಗಿಲಿಗೆ ಬಂದಾಗ ಒಳಗೆ ಏನೋ ಗುನುಗುವುದು ಕೇಳಿಸಿತು. ಗ್ರಂಥಪಠಣವಿರಬೇಕೆಂದು ನಿಂತು ಆಲಿಸಿದರೆ, ಅವನು ದೇವಾಲಯದಲ್ಲಿ ಜನರ ಮುಂದೆ ನಿಂತಿರುವಂತೆ ಊಹಿಸಿಕೊಂಡು ಪ್ರಬೋಧನೆ ಮಾಡುತ್ತಿದ್ದ. ಅದು ಮುಗಿದ ಮೇಲೆ ಧರ್ಮಸೇವಕನ ಪಾತ್ರವನ್ನೂ ತಾನೇ ವಹಿಸಿ, ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರನ್ನು ಪ್ರಬೋಧನೆಯ ನಂತರ ಹೊರಗೆ ಕಳುಹಿಸುವ ಮಾತನ್ನೂ ಹೇಳಿದ. ಬಾಗಿಲು ತೆರೆದವನು ನಾಚಿ, ತಾವು ಬಂದು ಎಷ್ಟು ಹೊತ್ತಾಯಿತು ಎಂದು ಕೇಳಿದ್ದಕ್ಕೆ, ನೀನು ಜನರನ್ನು ಕಳುಹಿಸಿಕೊಡುವಾಗ ಬಂದೆ ಎಂದಷ್ಟೇ ಹಿರಿಯರು ಹೇಳಿದರಂತೆ. (ನಾವು ಬರಹಗಾರರು ಗಟ್ಟಿಯಾಗಿ ಗುನುಗುವುದಿಲ್ಲವಾದ್ದರಿಂದ ಸಿಕ್ಕಿಬೀಳುವುದು ಕಡಿಮೆ.)

ಈಗ ನಿನ್ನ ಹಸ್ತಪ್ರತಿಗೆ ಬರುತ್ತೇನೆ. ಧರ್ಮಕೇಂದ್ರದ ಅಜ್ಜಿಯೊಬ್ಬರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದ ಭಾಗದ ಕೊನೆಗೆ, ‘ನನ್ನಂಥ ಅಲ್ಪನನ್ನು ದೇವರು ಬಳಸಿಕೊಂಡರು’ ಎಂದು ಬರೆದಿದ್ದೀಯೆ. ಅದರ ಮೇಲಿನ ಸಾಲುಗಳನ್ನು ಓದಿ ನೋಡು: ಬಸ್ಸಿನ ಟಿಕೆಟ್ಟಿಗೆ ಹಣ ಕೊಟ್ಟವನು ನೀನು, ಸೀಟು ಬಿಟ್ಟುಕೊಟ್ಟವನು ನೀನು, ಚೀಟಿ ಮಾಡಿಸುವ ಸಾಲಿನಲ್ಲಿ ನಿಂತವನೂ ನೀನೇ. ಅಲ್ಪನೆಂಬ ಒಂದು ಮಾತಿನ ನೆರಳಿನಲ್ಲಿ ಇಷ್ಟೆಲ್ಲ ಕುಳಿತಿದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸುಸ್ವಾಮಿ ಹೇಳಿದ್ದನ್ನು ಇದೇ ಬರಹದ ಆರಂಭದಲ್ಲಿ ನೀನೇ ವಿವರಿಸಿದ್ದೀಯೆ. ಇದಕ್ಕಿಂತಲೂ ನನ್ನನ್ನು ಕಾಡಿದ ವಿಷಯ ಇನ್ನೊಂದಿದೆ. ಮಗ ಮನೆ ಬಿಟ್ಟು ಹೋದ ಸಂಗತಿಯನ್ನೂ ಸೇರಿಸಿರುವುದರಿಂದ ಆ ಅಜ್ಜಿ ಯಾರೆಂದು ಊರಿಗೆಲ್ಲ ತಿಳಿಯುತ್ತದೆ. ಅವರ ಕಷ್ಟ ನಿನ್ನ ಸಾಕ್ಷ್ಯಕ್ಕೆ ಸರಕಾಗುತ್ತದೆ. ಓದುಗರ ಕಣ್ಣು ತೇವವಾಗಬಹುದು, ಆದರೆ ಅಜ್ಜಿಯನ್ನು ಕೇಳದೆ ಹಾಗೆ ಬರೆಯುವ ಹಕ್ಕು ನಿನಗಿಲ್ಲ.

ಎಚ್ಚರವಾಗಿರುವುದು ಎಂದರೆ ಹಗಲಿಡೀ ಮನಸ್ಸನ್ನು ಕೆದಕುತ್ತ ಕೂರುವುದೆಂದು ತಿಳಿಯಬೇಡ. ಅದು ಇನ್ನೊಂದು ಕಾಯಿಲೆ. ಸ್ವಸ್ಥಚಿತ್ತರಾಗಿ ಎಚ್ಚರದಿಂದಿರಿ ಎಂಬ ಸಂತ ಪೇತ್ರರ ಮಾತನ್ನು ಧರ್ಮಸಭೆ ರಾತ್ರಿಯ ಪ್ರಾರ್ಥನೆಯಲ್ಲಿ ಓದಿಸುತ್ತದೆ. ಅದಾದ ಮೇಲೆ ದಿನವನ್ನು ಬೆಳಗಿನಿಂದ ಒಮ್ಮೆ ನೆನೆದು, ಯಾವುದು ದೇವರ ಕಡೆಗೆ ಒಯ್ದಿತು, ಯಾವುದು ನನ್ನ ಕಡೆಗೆ ಎಳೆಯಿತು ಎಂದು ನೋಡಲು ಹತ್ತು ಹದಿನೈದು ನಿಮಿಷ ಸಾಕು. ಎಲ್ಲ ಚೆನ್ನಾಗಿ ನಡೆದ ದಿನ ಇದನ್ನು ಬಿಡುವುದು ಸಾಮಾನ್ಯ, ಆದರೆ ಬಿಡಲೇಬಾರದ ದಿನವೂ ಅದೇ. ನಮ್ಮ ತೋಟಗಳಲ್ಲಿ ಅಡಿಕೆ ಉದುರುವವರೆಗೆ ಕಾದು ಕೊಳೆರೋಗಕ್ಕೆ ಔಷಧಿ ಹೊಡೆಸುವವರುಂಟೇ? ಗೊನೆ ಹಸಿರಾಗಿ ನಿಂತಿರುವಾಗಲೇ, ಮುಂಗಾರು ಹಿಡಿಯುವ ಮೊದಲೇ ಮೈಲುತುತ್ತ ಸುಣ್ಣ ಹೊಡೆಸುತ್ತಾರೆ. 40-45 ದಿನ ಕಳೆದು ಮಳೆ ಬಿಡುವು ಕೊಟ್ಟಾಗ ಮತ್ತೊಮ್ಮೆ.

ದಿನವನ್ನು ಹೀಗೆ ನೆನೆದಾಗ ಕಂಡದ್ದನ್ನು ಪತ್ರಿಕೆಗೆ ಬರೆಯಬೇಡ. ತನ್ನ ಒಳಗಿನ ಹೋರಾಟವನ್ನು ಬಿಸಿಬಿಸಿಯಾಗಿ ಓದುಗರ ಮುಂದಿಡುವ ಈಚಿನ ರೂಢಿ ನನಗೆ ಹಿಡಿಸಿಲ್ಲ. ಅದಕ್ಕೆ ಪಾಪನಿವೇದನೆಯಿದೆ, ನಿನ್ನನ್ನು ಬಲ್ಲ ಗುರುಗಳಿದ್ದಾರೆ.

ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಅಜ್ಜಿಯ ಭಾಗವನ್ನು ತೆಗೆದರೂ ಬರಹ ನಿಲ್ಲುತ್ತದೆ. ಪತ್ರಿಕೆಗೆ ಕೊಡುವ ಮೊದಲು ನಿಮ್ಮ ಧರ್ಮಗುರುಗಳಿಗೆ ತೋರಿಸು; ಅವರು ಹೊಡೆದುಹಾಕಿದ ಸಾಲಿಗಾಗಿ ವಾದಿಸಬೇಕೆನಿಸಿದರೆ ಮರುದಿನ ಹೋಗಿ ವಾದಿಸು.

ನಿನ್ನ ಹಿತೈಷಿ,
ತೀರ್ಥಹಳ್ಳಿಯಿಂದ