ನಮ್ಮ ಲೀಗಿಗೂ ಒಂದು ಅಂಕಪಟ್ಟಿ ಬೇಕು

ಮಾನ್ಯ ಸಂಪಾದಕರೇ,

ಫುಟ್‌ಬಾಲ್‌ನ ಇಂಗ್ಲಿಷ್ ಪ್ರೀಮಿಯರ್ ಲೀಗಿನ 20 ತಂಡಗಳ ಅಂಕಪಟ್ಟಿ ನಿಮ್ಮ ಕ್ರೀಡಾ ಪುಟದಲ್ಲಿ ತಪ್ಪದೆ ಬರುತ್ತದೆ. ಸಂತೋಷವೇ. ಆದರೆ ಮೈಸೂರಿನಿಂದ ಸುಮಾರು 140 ಕಿ.ಮೀ. ದೂರದಲ್ಲಿ ನಡೆಯುವ ಬೆಂಗಳೂರು ಸೂಪರ್ ಡಿವಿಷನ್ ಫುಟ್‌ಬಾಲ್ ಲೀಗಿಗೆ ಸಿಗುವುದು ‘ಇಂಥ ತಂಡಕ್ಕೆ 2–1 ಜಯ’ ಎಂಬ ಒಂದೇ ಸಾಲು. ಅದರ ಕೆಳಗಿನ ಎ, ಬಿ ಡಿವಿಷನ್‌ಗಳಿಗೆ ಅದೂ ಇಲ್ಲ. ಗೆದ್ದ ತಂಡ ಈಗ ಎಷ್ಟನೇ ಸ್ಥಾನದಲ್ಲಿದೆ, ಗೋಲು ಹೊಡೆದವರು ಯಾರು, ಮುಂದಿನ ಪಂದ್ಯ ಎಂದು, ಯಾವ ಮೈದಾನದಲ್ಲಿ? ಕೆಳ ಹಂತದ ತಂಡವೊಂದನ್ನು ಸೀಸನ್ ಪೂರ್ತಿ ಬೆನ್ನತ್ತುವ ಮೈಸೂರು, ಮಂಡ್ಯದ ಓದುಗರಿಗೆ ಬೇಕಾದದ್ದು ಇಷ್ಟೇ, ಸಿಗದೇ ಇರುವುದೂ ಇದೇ.

ಮೊದಲು ವೇಳಾಪಟ್ಟಿಯ ಮಾತು. ದೊಡ್ಡ ಲೀಗುಗಳಂತೆ ಇಲ್ಲಿ ಇಡೀ ಸೀಸನ್ನಿನ ಪಟ್ಟಿ ಮೊದಲೇ ಕೈಗೆ ಸಿಗುವುದು ಅಪರೂಪ. ಸ್ವಲ್ಪ ಸ್ವಲ್ಪವಾಗಿ ಹೊರಬೀಳುತ್ತದೆ, ನಡುವೆ ಬದಲಾಗುತ್ತದೆ. ಮಳೆ ಬಂದರೆ ಹುಲ್ಲಿನ ಮೈದಾನದ ಪಂದ್ಯ ಮುಂದಕ್ಕೆ ಹೋಗುತ್ತದೆ, ಏಕೆಂದರೆ ನೀರು ನಿಂತಲ್ಲಿ ಚೆಂಡು ಉರುಳುವುದಿಲ್ಲ. ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯ ಶಿಬಿರಕ್ಕೆ ಆಟಗಾರರು ಹೋದರೂ, ಕ್ಲಬ್ಬಿಗೆ ರಾಷ್ಟ್ರೀಯ ಲೀಗಿನ ಪಂದ್ಯ ಬಂದರೂ ದಿನಾಂಕ ಜಾರುತ್ತದೆ. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಆದರೆ ಮೈಸೂರಿನಿಂದ ಹೊರಡುವವರಿಗೆ ಬದಲಾವಣೆ ಹಿಂದಿನ ದಿನವಾದರೂ ಗೊತ್ತಾಗಬೇಕು.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮಧ್ಯಾಹ್ನ 3.30ಕ್ಕೆ ಪಂದ್ಯವಿದೆ ಎಂದುಕೊಳ್ಳೋಣ. ಮೈಸೂರಿನಿಂದ ರೈಲಿಗೆ ಎರಡೂವರೆ–ಮೂರು ಗಂಟೆ. ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿಳಿದು ಮೆಟ್ರೊ ನೇರಳೆ ಮಾರ್ಗ ಹಿಡಿದರೆ ಐದನೆಯದು ಎಂ.ಜಿ. ರಸ್ತೆ, ಅಲ್ಲಿಂದ ಹದಿನೈದು–ಇಪ್ಪತ್ತು ನಿಮಿಷದ ನಡಿಗೆ. ಬಸ್ಸಿನಲ್ಲಿ ಬಂದವರು ಸ್ಯಾಟಲೈಟ್ ನಿಲ್ದಾಣದಲ್ಲಿಳಿದರೆ ದೀಪಾಂಜಲಿನಗರದಲ್ಲಿ ಇದೇ ಮೆಟ್ರೊ ಸಿಗುತ್ತದೆ. ರೈಲು ತಡವಾಗುವುದನ್ನೂ ಸೇರಿಸಿಕೊಂಡು ಮೈಸೂರಿನವರು ಬೆಳಿಗ್ಗೆ ಹತ್ತಕ್ಕೆಲ್ಲ ಹೊರಡಬೇಕು, ಮಂಡ್ಯದವರು ಹನ್ನೊಂದಕ್ಕೆ. ತಲಾ 45 ನಿಮಿಷದ ಎರಡು ಅವಧಿ, ನಡುವೆ 15 ನಿಮಿಷ ವಿರಾಮ, ಮೇಲೆ ಹೆಚ್ಚುವರಿ ಸಮಯ: ಆಟ ಮುಗಿಯುವಾಗ 5.15 ದಾಟಿರುತ್ತದೆ. ಅದಕ್ಕೂ ಮುಂಚೆ ಅಲ್ಲೇ ಇನ್ನೊಂದು ಪಂದ್ಯವಿದ್ದು ಅದು ತಡವಾದರೆ ಇದೂ ತಡ. ಅಂದರೆ ಇಡೀ ದಿನದ ಕೆಲಸ. ಪಂದ್ಯ ರದ್ದಾಗಿದೆ ಎಂದು ಗೇಟಿನ ಹತ್ತಿರ ತಿಳಿದರೆ ರಜೆಯೂ ಹೋಯಿತು, ಹಣವೂ ಹೋಯಿತು. ಕೆಳ ಡಿವಿಷನ್‌ಗಳ ಪಂದ್ಯಗಳು ಬೇರೆ ಮೈದಾನಗಳಿಗೂ ಹೋಗುವುದರಿಂದ ಸಮಯದಷ್ಟೇ ಮುಖ್ಯ ಮೈದಾನದ ಹೆಸರು.

ಇನ್ನು ಅಂಕಪಟ್ಟಿ. ಗೆಲುವಿಗೆ 3, ಡ್ರಾಗೆ 1 ಎಂದು ಬರಿಯ ಅಂಕ ಕೂಡಿ ಬರೆದರೆ ಸಾಲದು. ಪಂದ್ಯಗಳು ಮುಂದಕ್ಕೆ ಹೋಗುವ ಲೀಗಿನಲ್ಲಿ ಎಲ್ಲ ತಂಡಗಳೂ ಒಂದೇ ಸಂಖ್ಯೆಯ ಪಂದ್ಯ ಆಡಿರುವುದಿಲ್ಲ. 12 ಪಂದ್ಯಗಳಿಂದ 24 ಅಂಕ ಗಳಿಸಿದ ತಂಡ ಮೇಲಿದ್ದು, 10 ಪಂದ್ಯಗಳಿಂದ 22 ಅಂಕದ ತಂಡ ಕೆಳಗಿದ್ದರೆ, ನಿಜವಾಗಿ ಅನುಕೂಲ ಇರುವುದು ಎರಡು ಪಂದ್ಯ ಕಡಿಮೆ ಆಡಿರುವ ಕೆಳಗಿನ ತಂಡಕ್ಕೆ. ‘ಆಡಿದ್ದು’ ಎಂಬ ಕಾಲಂ ಇಲ್ಲದ ಪಟ್ಟಿ ಓದುಗರನ್ನು ದಾರಿ ತಪ್ಪಿಸುತ್ತದೆ. ಆಡಿದ್ದು, ಗೆಲುವು, ಡ್ರಾ, ಸೋಲು, ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲು, ಅಂಕ: ಈ ಏಳು ಕಾಲಂ ಸಾಕು. ಅಂಕ ಸಮನಾದರೆ ಯಾರು ಮೇಲೆ ಎಂಬುದು ಆಯಾ ಲೀಗಿನ ನಿಯಮದಂತೆ. ಇಂಗ್ಲಿಷ್ ಪ್ರೀಮಿಯರ್ ಲೀಗಿನಲ್ಲಿ ಗೋಲು ಅಂತರ (ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದದ್ದು) ನೋಡುತ್ತಾರೆ, ಸ್ಪೇನಿನ ಲಾ ಲಿಗಾದಲ್ಲಿ ಮೊದಲು ಆ ಎರಡೂ ತಂಡಗಳ ಮುಖಾಮುಖಿ ಫಲಿತಾಂಶ. ಆ ನಿಯಮವನ್ನು ಪಟ್ಟಿಯ ಅಡಿಯಲ್ಲಿ ಒಂದು ಸಾಲು ಹಾಕಿದರೆ ಕೊನೆಯ ವಾರದ ಜಗಳಗಳೆಲ್ಲ ತಪ್ಪುತ್ತವೆ.

ಕಾರ್ಡುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕು. ಹಳದಿ ಕಾರ್ಡುಗಳು ನಿಗದಿತ ಸಂಖ್ಯೆ ಮುಟ್ಟಿದರೆ ಆಟಗಾರ ಮುಂದಿನ ಪಂದ್ಯಕ್ಕಿಲ್ಲ. ಆ ಲೆಕ್ಕ ತಪ್ಪಿ ಅವನನ್ನು ಇಳಿಸಿದರೆ ಗೆದ್ದ ಪಂದ್ಯವೂ ಕೈತಪ್ಪಬಹುದು. ರಾಷ್ಟ್ರಮಟ್ಟದ ಕ್ಲಬ್ ಲೀಗುಗಳಲ್ಲೊಂದಾದ ಐ-ಲೀಗಿನ 2024–25ರ ಸೀಸನ್ ಇದಕ್ಕೆ ಕಣ್ಣೆದುರಿನ ಉದಾಹರಣೆ. ಆಟಗಾರರ ಅರ್ಹತೆಯ ತಕರಾರು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯವರೆಗೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಚರ್ಚಿಲ್ ಬ್ರದರ್ಸ್ ಪಾಲಾಗಿದ್ದ ಪ್ರಶಸ್ತಿ ಜುಲೈನಲ್ಲಿ ಇಂಟರ್ ಕಾಶಿಗೆ ಸೇರಿತು. ಅದೇ ಸೀಸನ್ನಿನಲ್ಲಿ ನಮ್ಮ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಕೆಳಗಿನ ಹಂತದ ಲೀಗಿಗೆ ಇಳಿಯಿತು. ಹಿಂದಿನ ವರ್ಷವಷ್ಟೇ ಆ ಕೆಳಗಿನ ಹಂತವಾದ ಐ-ಲೀಗ್ 2 ಗೆದ್ದು ಮೇಲೇರಿದ್ದ ತಂಡವದು. ಆ ಏರಿಳಿತವನ್ನು ವಾರವಾರವೂ ಕನ್ನಡದಲ್ಲಿ ಓದುವಂತಿದ್ದರೆ ಎಷ್ಟು ಚೆನ್ನಾಗಿತ್ತು!

ವರದಿಯಲ್ಲಿ ತಪ್ಪು ನುಸುಳುವ ಜಾಗಗಳೂ ಗೊತ್ತಿರುವಂಥವೇ. ಕೆಳ ಡಿವಿಷನ್‌ಗಳಲ್ಲಿ ಪಂದ್ಯದಿಂದ ಪಂದ್ಯಕ್ಕೆ ಜೆರ್ಸಿ ಸಂಖ್ಯೆ ಬದಲಾಗಬಹುದು. ಹೋದ ವಾರದ ಪಟ್ಟಿ ಇಟ್ಟುಕೊಂಡು ಬರೆದರೆ ಗೋಲು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಎದುರಾಳಿಯ ಕಾಲಿಗೆ ತಾಗಿ ಒಳಹೋದದ್ದು ಹೊಡೆದವನ ಗೋಲೋ ಉಡುಗೊರೆ ಗೋಲೋ (ಓನ್ ಗೋಲ್) ಎಂಬುದನ್ನು ಗ್ಯಾಲರಿಯಲ್ಲಿ ಕೂತು ತೀರ್ಮಾನಿಸಬಾರದು. ಪಂದ್ಯ ಮುಗಿದ ಮೇಲೆ ರೆಫರಿ ಅಥವಾ ಪಂದ್ಯದ ಉಸ್ತುವಾರಿ ನೋಡುವ ಮ್ಯಾಚ್ ಕಮಿಷನರ್ ಬಳಿ ಇರುವ ಹಾಳೆಯನ್ನು ನೋಡಿಯೇ ಬರೆಯಬೇಕು. ನಿಮಿಷದ ಲೆಕ್ಕವೂ ಅಷ್ಟೆ: ಗಡಿಯಾರ 23 ನಿಮಿಷ 40 ಸೆಕೆಂಡ್ ತೋರಿಸುವಾಗ ಬಿದ್ದ ಗೋಲು 24ನೇ ನಿಮಿಷದ್ದು, ಮೊದಲ ಅವಧಿಯ ಹೆಚ್ಚುವರಿ ಸಮಯದ್ದಾದರೆ 45+2 ಎಂದು ಬರೆಯಬೇಕು, 47 ಎಂದಲ್ಲ. 47 ಎಂದರೆ ವಿರಾಮದ ನಂತರದ ಗೋಲು ಎಂದಾಗುತ್ತದೆ. ಒಬ್ಬನೇ ಆಟಗಾರನ ಹೆಸರು ವಾರಕ್ಕೊಂದು ರೀತಿ ಅಚ್ಚಾದರೆ ಅವನ ಗೋಲುಗಳನ್ನು ಕೂಡಿಸುವುದೇ ಆಗುವುದಿಲ್ಲ. ಸೀಸನ್ ಆರಂಭದಲ್ಲಿ ಹೆಸರುಗಳ ಒಂದು ಪಟ್ಟಿ ಮಾಡಿಟ್ಟುಕೊಂಡರೆ ಇದು ಸುಲಭ.

ಇಷ್ಟು ಪಾಡು ಯಾಕೆ ಎಂದು ಕೇಳುವವರಿದ್ದಾರೆ. ಮೈಸೂರು ಎಂಬ ಹೆಸರಿನಲ್ಲೇ ನಮ್ಮ ರಾಜ್ಯ 1946–47, 1952–53, 1967–68, 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆಮೇಲೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ ನಾಡೆಲ್ಲ ಸಂಭ್ರಮಿಸಿತು. ರಾಜ್ಯ ತಂಡಕ್ಕೆ ಹುಡುಗರು ಬರುವುದು ಈ ಕ್ಲಬ್ಬುಗಳಿಂದಲೇ. ಟ್ರೋಫಿ ಗೆದ್ದ ದಿನ ಮಾತ್ರ ಅವರ ಹೆಸರು ಓದುವುದು ನ್ಯಾಯವಲ್ಲ.

ನಮ್ಮ ಕೋರಿಕೆ ದೊಡ್ಡದಲ್ಲ. ಲೀಗ್ ನಡೆಯುವ ತಿಂಗಳುಗಳಲ್ಲಿ ಶುಕ್ರವಾರ ಮುಂದಿನ ವಾರದ ಪಂದ್ಯಗಳು, ಸೋಮವಾರ ಅಂಕಪಟ್ಟಿ, ಒಂದು ಕಾಲಂ ಅಗಲ, 12 ಸೆಂ.ಮೀ. ಉದ್ದ. ಪಂದ್ಯ ಮುಂದೂಡಿದ್ದರೆ ‘ಇಂದು’ ಅಂಕಣದಲ್ಲಿ ಒಂದು ಸಾಲು. ಮೈಸೂರಿನ ಚಾಮುಂಡಿ ವಿಹಾರದಲ್ಲೋ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲೋ ಫುಟ್‌ಬಾಲ್ ಪಂದ್ಯಗಳಿದ್ದರೆ ಅದೇ ಜಾಗದಲ್ಲಿ ಅವನ್ನೂ ಹಾಕಬಹುದು. ಪಂದ್ಯದ ಹಾಳೆಯ ಫೋಟೊ ಸಂಜೆ ಏಳರೊಳಗೆ ನಿಮ್ಮ ಕ್ರೀಡಾ ವಿಭಾಗಕ್ಕೆ ತಲುಪಿಸಲು, ವಾರದ ಪಟ್ಟಿಯನ್ನು ಕೂಡಿ, ಇನ್ನೊಬ್ಬರಿಂದ ತಾಳೆ ನೋಡಿಸಿ ಕೊಡಲು ನಾವು ಸಿದ್ಧರಿದ್ದೇವೆ.

– ಫುಟ್‌ಬಾಲ್ ಅಭಿಮಾನಿಗಳು, ಮೈಸೂರು ಮತ್ತು ಮಂಡ್ಯ